ಜೂನ್ ಒಂದು

ಗೆದ್ದಲು ಹಿಡಿದ ದಾಖಲಾತಿ ವಹಿಯನ್ನು
ಹೊಸದಕ್ಕೆ ಇಳಿಸಿಕೊಡಿ ಎಂದಿದ್ದಾರೆ ಹೆಡ್‌ಮೇಡಂ.
ಕಂಪ್ಯೂಟರಿನಲ್ಲಿರುವುದು ಈಚಿನ ಹದಿನೈದು ವರ್ಷ,
ಅದರ ಹಿಂದಿನದೆಲ್ಲ ನನ್ನ ಕೈಬರಹಕ್ಕೆ ಕಾದಿದೆ.
ಇನ್ನು ಹನ್ನೊಂದು ದಿನ ನನ್ನ ನೌಕರಿ.

ಒಂದು: ಕೋನಪ್ಪ, ತಂದೆ ಕಲ್ಲುಕುಟಿಗ ಯರ್ರಪ್ಪ,
ಜೂನ್ ಒಂದು, ಸಾವಿರದ ಒಂಬೈನೂರ ಅರವತ್ತಾರು.
ಎರಡು: ಅಮೀರ್‌ಜಾನ್. ಜೂನ್ ಒಂದು.
ಮೂರು: ಲೂರ್ದುಮೇರಿ, ಗಣಿಯ ಕಡೆಯಿಂದ ಬಂದವರ ಮಗಳು,
ಜೂನ್ ಒಂದು.
ಇಡೀ ನರಿಕುಂಟೆ ಒಂದೇ ಹಗಲಲ್ಲಿ ಹೆತ್ತು ಮುಗಿಸಿದಂತೆ
ಇಪ್ಪತ್ತಮೂರು ಮಕ್ಕಳು.

ಕದಿರಪ್ಪ ಮೇಷ್ಟ್ರು ಕೇಳಿಯೇ ಬರೆದರು, ಸುಳ್ಳು ಹೇಳಬಾರದು.
"ಯಾವಾಗ ಹುಟ್ಟಿದ್ದಮ್ಮ ಮಗು?"
"ಏಮೋ ಸಾಮೀ, ಕುಂಟೆ ಕೋಡಿ ಬಿದ್ದ ರಾತ್ರಿ" ಎಂದಳಂತೆ ಅಮ್ಮ.
ಪೆನ್ನು ಒಂದು ಗಳಿಗೆ ಗಾಳಿಯಲ್ಲಿ ನಿಂತಿತಂತೆ.
ಕೋಡಿಗೆ ಕಲಂ ಇರಲಿಲ್ಲ.

ಆಗ ಸ್ಕೂಲೆಂದರೆ ಯಾರದೋ ರೇಷ್ಮೆಹುಳದ ಮನೆ.
ಬೆಳೆ ಇಲ್ಲದಾಗ ಪಾಠ,
ಹುಳು ನಾಲ್ಕನೇ ಜ್ವರ ಎದ್ದರೆ ನಮಗೆ ರಜೆ.
ಗೋಡೆಗೊರಗಿದ ಚಂದ್ರಿಕೆಯ ಸುರುಳಿಯೊಳಗೆ ಬೆರಳಾಡಿಸಿ
ಒಂಬತ್ತು ಬರೆಯಲು ಕಲಿತೆ.
ಬಾಡಿದ ಹಿಪ್ಪುನೇರಳೆ ಸೊಪ್ಪು ಎಲ್ಲಿ ಮೂಗಿಗೆ ಬಡಿದರೂ
ಈಗಲೂ ನಾಲಿಗೆಗೆ ಮಗ್ಗಿ ಬರುತ್ತದೆ.

ನಾವೊಂದು ತರಗತಿ ದಾಟಿದರೆ ಸ್ಕೂಲೂ ಒಂದು ದಾಟುತ್ತಿತ್ತು.
ಹಳೇ ಪುಸ್ತಕ ಕೇಳೋಣವೆಂದರೆ
ಅಣ್ಣಂದಿರೇ ಇಲ್ಲದ ಸ್ಕೂಲು.
ಏಳು ಮುಗಿದ ವರ್ಷ ಮೇಷ್ಟ್ರು ಸೈಕಲ್ಲೇರಿ
ಕೋಲಾರದ ಆಫೀಸಿಗೆ ಹೋಗಿ, ಬಂದು, ಮತ್ತೆ ಹೋಗಿ,
ಎಂಟನೇ ತರಗತಿಯನ್ನು ಹಾಳೆಯಲ್ಲಿ ಮಡಚಿ ತಂದರು.
ಕಟ್ಟಡ ಹಾಳೆಯಲ್ಲಿರಲಿಲ್ಲ.

ಯರ್ರಪ್ಪ, ಅವನ ಭಾವಂದಿರು
ಬತ್ತಿದ ಕುಂಟೆಯೊಳಗೆ ಚಪ್ಪಡಿ ನಿಲ್ಲಿಸಿದರು,
ಪುಕ್ಕಟೆ ಸಿಕ್ಕ ಜಾಗ ಅದೊಂದೇ.
ಬಾಗಿಲ ಮೇಲೆ ಹೆಸರನ್ನೂ ಅವನೇ ಕೆತ್ತಿದ.
ಬಂಡೆಯ ಹೊಟ್ಟೆ ಸೀಳಿದವನು
ಅಕ್ಷರದ ಹೊಟ್ಟೆ ಸೀಳಲು ಮರೆತ:
"ಸರ್ಕಾರಿ ಪ್ರೌಡಶಾಲೆ."
ಎಷ್ಟು ಇನ್ಸ್‌ಪೆಕ್ಟರುಗಳು ಕೆಂಪು ಶಾಯಿಯಲ್ಲಿ ಗುರುತಿಸಿದರೂ
ಕಲ್ಲು ಕಲ್ಲೇ.

ಆಮೇಲೆ ಸೈಟುಗಳು ಬಂದವು. ಎ, ಬಿ, ಸಿ ಸೆಕ್ಷನ್ನು ಬಂದವು.
ಒಂದೊಂದು ವರ್ಷಕ್ಕೆ ಹದಿನೆಂಟು ಪುಟ, ಬರೆದವರ ಕೈ ನಡುಗಿದೆ.
ಹತ್ತು ಊರು ಸುತ್ತಿ ನಾನು ಗುಮಾಸ್ತೆಯಾಗಿ ಇಲ್ಲಿಗೇ ಬಂದಾಗಲೂ
ಹುಡುಗಿಯರು ಬೇಲಿ ಮರೆಗೇ ಹೋಗುತ್ತಿದ್ದರು, ಇಬ್ಬಿಬ್ಬರಾಗಿ,
ನಾವು ಹೋಗುತ್ತಿದ್ದ ಹಾಗೇ.
ಶೌಚಾಲಯದ ಫೈಲು ಹಿಡಿದು ನಾಲ್ಕು ವರ್ಷ ತಿರುಗಿದೆ.
ಶಂಕುಸ್ಥಾಪನೆಯ ಕಲ್ಲಿನಲ್ಲಿ ನನ್ನ ಹೆಸರಿಲ್ಲ,
ಶೌಚಾಲಯದಲ್ಲಿ ನೀರಿದೆ.

ಹಳದಿ ವ್ಯಾನುಗಳು ಗಲ್ಲಿಗಲ್ಲಿಗೆ ನುಗ್ಗಿದ ಮೇಲೆ
ಮೂರು ವರ್ಷ ಸೇರಿ ಒಂದೇ ಪುಟ.
ಕೋನಪ್ಪನ ಮೊಮ್ಮಗನೂ ವ್ಯಾನು ಹತ್ತಿದ.
ಮುಚ್ಚುತ್ತಾರಂತೆ ಎಂದರು. ನಾನೂ ಅಂದೆ.

ಮುಚ್ಚಲಿಲ್ಲ.
ನರಸಾಪುರದ ಫ್ಯಾಕ್ಟರಿ ಬಸ್ಸುಗಳ ಹಿಂದೆಯೇ
ರಾಯಚೂರಿನ ಮಕ್ಕಳು ಬಂದರು, ಬಿಹಾರದವರು ಬಂದರು.
ಈಗ ಆಧಾರ್ ಕಾರ್ಡಿನಲ್ಲಿ ನೋಡಿ ಬರೆಯುತ್ತೇನೆ:
ಜನವರಿ ಒಂದು. ಜನವರಿ ಒಂದು. ಜನವರಿ ಒಂದು.
ಹೋದ ಜೂನಿನಲ್ಲಿ ಒಬ್ಬ ತಾಯಿ ಆ ತಾರೀಖು ನೋಡಿ ನಕ್ಕಳು.
ಉರ್ದು ಮೇಷ್ಟ್ರು ತಿಳಿಸಿ ಹೇಳಿದರು:
ಹೊಳೆ ಊರೊಳಕ್ಕೆ ಬಂದ ವಾರ ಹುಟ್ಟಿದವನಂತೆ ಹುಡುಗ,
ತಾರೀಖು ಕಾರ್ಡಿನವರದಂತೆ.

ಹದಿನೇಳಕ್ಕೆ ಬಂದಿದ್ದೇನೆ.
ಮುನಿತಾಯಿ, ತಂದೆ ಇಲ್ಲ, ಜೂನ್ ಒಂದು.
ಅದಕ್ಕೇ ಮೇ ಮೂವತ್ತೊಂದಕ್ಕೆ ನನಗೆ ಅರವತ್ತು,
ಮೇಷ್ಟ್ರು ಕೊಟ್ಟ ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲೇ
ಕೈಗೆ ಹಾರ, ಹಣ್ಣಿನ ಬುಟ್ಟಿ.
ನಕಲು ಮೂಲದಂತೆಯೇ ಇರಬೇಕು, ಸಹಿ ಮಾಡಬೇಕು ನಾನು.
ಕೊನೆಯ ಕಲಂ ಷರಾ.
ಐವತ್ತೈದು ವರ್ಷದಿಂದ ಖಾಲಿ.

ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದೇನೆ.
ಹೊರಗೆ ಮೋಡ ಇಳಿದಿದೆ.
ಜವಾನ ಪಿಳ್ಳಪ್ಪ ಎಂಟನೇ ಬಿ ಕೋಣೆಯ ಬೆಂಚುಗಳನ್ನು
ಒಂದೊಂದಾಗಿ ಜಗಲಿಗೆ ಎತ್ತಿಡುತ್ತ ಕೂಗುತ್ತಾನೆ,
"ಮೇಡಂ, ವಹಿ ಮೇಲಿಡಿ, ಇವತ್ತು ಕುಂಟೆ ಬರ್ತದೆ."